ಇವತ್ತಿನ ಬಾಕಿ

ಊರು ಬಿಟ್ಟು ಬೇರೆ ಊರಲ್ಲಿ ನೆಲೆಸಿದವರಿಗೆ ಆ ಊರಿನ ಹುಚ್ಚು ಒಂದಲ್ಲ ಒಂದು ದಿನ ಹತ್ತಿಯೇ ಹತ್ತುತ್ತದೆ. ಚೆನ್ನೈಯಲ್ಲಿ ಅಂಥ ಹುಚ್ಚು ಎರಡು. ಒಂದು ಡಿಸೆಂಬರ್ ತಿಂಗಳ ಸಂಗೀತ ಕಛೇರಿ, ಇನ್ನೊಂದು ಚೆಸ್. ಸಂಗೀತದಲ್ಲಿ ನನ್ನ ಜ್ಞಾನ ತಲೆದೂಗುವುದಕ್ಕಷ್ಟೇ ಸಾಲುವಂಥದು. ಹಾಗಾಗಿ ಎರಡನೆಯದು ನನ್ನ ಪಾಲಿಗೆ ಬಂತು.

ಊರಿನಲ್ಲಿ ಕೂತು ಓದುವ ನಿಮಗೆ ಇಲ್ಲಿಯ ಚೆಸ್ ಅಂದರೆ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು ಎಲ್ಲರಿಗೂ ಗೊತ್ತು. ಅವರು ಹುಡುಗನಾಗಿದ್ದಾಗ ಆಡಿ ಬೆಳೆದದ್ದು ಇಲ್ಲಿಯ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ತಾಲ್ ಚೆಸ್ ಕ್ಲಬ್ಬಿನಲ್ಲಿ. 2022ರಲ್ಲಿ ಮಾಮಲ್ಲಪುರದಲ್ಲಿ ಒಲಿಂಪಿಯಾಡ್ ನಡೆದಾಗ ನಗರದ ನೇಪಿಯರ್ ಸೇತುವೆಗೆ ಕಪ್ಪು ಬಿಳಿ ಚೌಕ ಬಳಿದು ಸೇತುವೆಯನ್ನೇ ಚದುರಂಗದ ಹಾಸು ಮಾಡಿಬಿಟ್ಟಿದ್ದರು. ಪಂಚೆ ಉಟ್ಟ ಕುದುರೆಯೊಂದು, ಹೆಸರು 'ತಂಬಿ', ಎಲ್ಲಿ ನೋಡಿದರೂ ಕೈಮುಗಿದು ನಿಂತಿತ್ತು. 2024ರ ಡಿಸೆಂಬರಿನಲ್ಲಿ ಗುಕೇಶ್ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಾಗ, ಮರುದಿನ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಅದೇ ಚರ್ಚೆ. ಡಿಂಗ್ ಕೊನೆಯಲ್ಲಿ ಆನೆಯನ್ನು ಆ ಮನೆಗೆ ತರಬಾರದಿತ್ತು ಅಂತ ಹಾಲು ಹಂಚುವವರೂ ಹೇಳುತ್ತಿದ್ದರು.

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಇಲ್ಲಿಗೆ ಬಂದದ್ದು 1998ರಲ್ಲಿ. ಮೂರು ವರ್ಷ ಕಳೆದು ಶಿವಮೊಗ್ಗದ ಕಡೆಗೆ ಕೇಳಿಕೊಂಡು ಹೋಗುವುದು ಅಂತ ಲೆಕ್ಕ. ನಡುವೆ ಎರಡು ಸಲ ಬೇರೆ ಊರಿಗೆ ಹಾಕಿದರೂ ಮಗನ ಓದಿನ ಕಾರಣ ಸಂಸಾರ ಇಲ್ಲೇ ನಿಂತಿತು. ಆಮೇಲೆ ಅವನ ಕೆಲಸ, ಅವನ ಮದುವೆ, ಮೊಮ್ಮಗ. ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು.

ಶಾಖೆಯಲ್ಲಿ ಊಟದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಚೆಸ್ ಬೋರ್ಡ್ ಬಿಚ್ಚುತ್ತಿದ್ದರು. ಮೊದಲ ದಿನವೇ ಭಾಷೆಯ ಗೊಂದಲ. ನಮ್ಮಲ್ಲಿ ಮಂತ್ರಿ ಎಂದರೆ ರಾಜನ ಪಕ್ಕ ನಿಲ್ಲುವ, ಎಂಟೂ ದಿಕ್ಕಿಗೆ ಓಡುವ ಕಾಯಿ. ಓರೆಯಾಗಿ ಓಡುವುದು ಒಂಟೆ. ಇಲ್ಲಿ ಆ ಓರೆ ಓಡುವ ಕಾಯಿಗೇ 'ಮಂದಿರಿ' ಅನ್ನುತ್ತಾರೆ. ದೊಡ್ಡದು ರಾಣಿ. ಆನೆ 'ಯಾನೈ', ಕುದುರೆ 'ಕುದಿರೈ', ಅವೆರಡೂ ಸಲೀಸು. ಮಂತ್ರಿಯ ವಿಷಯದಲ್ಲಿ ಮಾತ್ರ ಎರಡು ರಾಜ್ಯಕ್ಕೂ ಒಪ್ಪಂದವಿಲ್ಲ. "ನಿಮ್ಮ ಮಂತ್ರಿ ಹೋಗುತ್ತೆ ಸಾರ್, ನೋಡಿಕೊಳ್ಳಿ" ಎಂದು ನಾನು ಎಚ್ಚರಿಸಿದರೆ ಕ್ಯಾಷಿಯರ್ ಗಡಿಬಿಡಿಯಿಂದ ಒಂಟೆಯನ್ನು ಸರಿಸುತ್ತಿದ್ದರು.

ನನಗೆ ಆಟ ಕಲಿಸಿದ್ದು ಅಣ್ಣಯ್ಯ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ತೀರ್ಥಹಳ್ಳಿಯಿಂದ ಒಳಗೆ ನಮ್ಮ ಮನೆ. ಮಳೆಗಾಲದಲ್ಲಿ ತೋಟದ ಕೆಲಸ ನಿಂತ ಮಧ್ಯಾಹ್ನ ಜಗುಲಿಯ ಮೇಲೆ ಸುಣ್ಣದಕಡ್ಡಿಯಲ್ಲಿ ಮನೆ ಬರೆದು ಆಟ. ರಾಜ, ಮಂತ್ರಿ, ಆನೆ ಇತ್ಯಾದಿ ದೊಡ್ಡವರಿಗೆ ಮರದ ಕಾಯಿಗಳಿದ್ದವು. ಕಾಲಾಳುಗಳೆಲ್ಲ ಅಡಿಕೆ. ಒಂದು ಕಡೆಗೆ ಕೆಂಪಡಿಕೆ, ಇನ್ನೊಂದು ಕಡೆಗೆ ಚಾಲಿ. ನಿಯಮವೂ ನಮ್ಮದೇ. ಕಾಲಾಳು ಮೊದಲ ನಡೆಗೂ ಒಂದೇ ಮನೆ ಹೋಗಬೇಕು, ಎರಡು ಮನೆ ಹಾರುವ ಸೌಲಭ್ಯವಿಲ್ಲ. ಕೋಟೆ ಕಟ್ಟುವುದಿಲ್ಲ. ಅದರ ಬದಲು ರಾಜ ಇಡೀ ಆಟದಲ್ಲಿ ಒಂದು ಸಲ, ಅಲ್ಲಿಯವರೆಗೆ ಚೆಕ್ ಬಿದ್ದಿರದಿದ್ದರೆ, ಕುದುರೆಯ ಹಾಗೆ ಹಾರಬಹುದು. ಇದು ನಮ್ಮೂರಿನವರು ಮಾಡಿಕೊಂಡದ್ದಲ್ಲ, ಭಾರತದ ಹಲವು ಕಡೆ ಹೀಗೆಯೇ ಆಡುತ್ತಿದ್ದರು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಈ ಬಗೆಯ ಆಟ ಆಡಿ ಬೆಳೆದವರು. 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು, ಆಮೇಲೆ 1932ರಲ್ಲಿ ಮತ್ತು 1933ರಲ್ಲಿ ಮತ್ತೆ. ಯುರೋಪಿನವರು ಪುಸ್ತಕ ಓದಿ ಬಾಯಿಪಾಠ ಮಾಡಿಕೊಂಡಿದ್ದ ಆರಂಭದ ನಡೆಗಳು ಅವರಿಗೆ ಬರುತ್ತಿರಲಿಲ್ಲ. ಶುರುವಿನಲ್ಲಿ ಪೇಚಾಡಿ, ನಡುವೆ ಸುಧಾರಿಸಿ, ಕೊನೆಯಲ್ಲಿ ಗೆಲ್ಲುತ್ತಿದ್ದರು. ಕಾಪಾಬ್ಲಾಂಕಾನನ್ನೇ ಸೋಲಿಸಿದ ಮನುಷ್ಯ.

ಆ ಬಾಯಿಪಾಠದ ಸಂಗತಿಗೇ ಬರುತ್ತಿದ್ದೇನೆ. ನನ್ನ ಮೊಮ್ಮಗನಿಗೆ ಈಗ ಹತ್ತು ವರ್ಷ. ಒಲಿಂಪಿಯಾಡಿನ ಗದ್ದಲದಲ್ಲಿ ಚೆಸ್ ಹಿಡಿದ ಈ ಊರಿನ ಸಾವಿರಾರು ಮಕ್ಕಳಲ್ಲಿ ಅವನೂ ಒಬ್ಬ. ಅವನ ಕೋಚ್, ಆರಂಭದ ನಡೆಗಳನ್ನು ಸಾಫ್ಟ್‌ವೇರಿನಲ್ಲಿ ದಿನಾ ಅಭ್ಯಾಸ ಮಾಡಬೇಕು ಎಂದು ತಾಕೀತು ಮಾಡಿದ್ದಾರೆ. ಕೂರಿಸುವ ಕೆಲಸ ನನ್ನದು. ಕೂರಿಸುತ್ತಾ ಕೂರಿಸುತ್ತಾ ನಾನೂ ಕೂತೆ. ಈಗ ನನ್ನ ಹೆಸರಿನಲ್ಲೇ ಒಂದು ಖಾತೆ ಇದೆ. ಬೆಳಿಗ್ಗೆ ಕಾಫಿ ಆದ ಕೂಡಲೇ ಅವನು ಶಾಲೆಗೆ ಹೊರಡುವ ಮುಂಚೆ ಕೇಳುತ್ತಾನೆ: "ಅಜ್ಜ, ಇನ್ನಿಕ್ಕಿ ಎಷ್ಟು ಡ್ಯೂ?" ಇನ್ನಿಕ್ಕಿ ಎಂದರೆ ತಮಿಳಿನಲ್ಲಿ ಇವತ್ತು. ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಒಂದೇ ವಾಕ್ಯದಲ್ಲಿ ಮುಗಿಯಿತು.

ಈ 'ಡ್ಯೂ' ಎಂಬ ಶಬ್ದ ಕೇಳಿಯೇ ನನಗೆ ಆ ಸಾಫ್ಟ್‌ವೇರಿನ ಮೇಲೆ ಪ್ರೀತಿ ಹುಟ್ಟಿದ್ದು. ನಲವತ್ತು ವರ್ಷದ ಹತ್ತಿರ ಡ್ಯೂ ಡೇಟ್ ಡೈರಿ ನೋಡಿಕೊಂಡೇ ಬದುಕಿದವನು ನಾನು. ಯಾವ ಬಿಲ್ಲು ಯಾವತ್ತು, ಯಾರ ಠೇವಣಿ ಯಾವತ್ತು ಮಾಗುತ್ತದೆ, ಯಾರ ಕಂತು ತಪ್ಪಿದೆ, ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಕೂಡಲೇ ಅದೇ ಮೊದಲ ಕೆಲಸ. ನಿವೃತ್ತಿಯ ಮರುದಿನ ಬೆಳಿಗ್ಗೆ ನನಗೆ ಏನೂ ಡ್ಯೂ ಇರಲಿಲ್ಲ. ಆ ಖಾಲಿತನ ಬ್ಯಾಂಕಿನವರಿಗೆ ಮಾತ್ರ ಗೊತ್ತಾದೀತು.

ಇದರ ಹಿಂದಿನ ಲೆಕ್ಕ ಹಳೆಯದು. ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ, ಒಂದು ದಿನಕ್ಕೆ ಮೂರರಲ್ಲಿ ಎರಡು ಪಾಲು. ಉಳಿದದ್ದು ಮಾತ್ರ ಆಮೇಲೆ ನಿಧಾನವಾಗಿ ಸವೆಯುತ್ತದೆ. ಅಂದರೆ ಸವೆಯುವ ಮುಂಚೆ ಒಮ್ಮೆ ಕೇಳಿದರೆ, ಮುಂದಿನ ಸಲ ಇನ್ನೂ ತಡವಾಗಿ ಕೇಳಿದರೂ ನಡೆಯುತ್ತದೆ. ಪೋಲೆಂಡಿನ ವೋಜ್‌ನಿಯಾಕ್ ಎಂಬುವರು 1987ರಲ್ಲಿ ಇದನ್ನು ಕಂಪ್ಯೂಟರಿಗೆ ಹಾಕಿದರು. ಅವರ ಲೆಕ್ಕ ಸರಳ: ಮೊದಲು ಒಂದು ದಿನ, ಆಮೇಲೆ ಆರು ದಿನ, ಅಲ್ಲಿಂದ ಮುಂದೆ ಸುಮಾರು ಎರಡೂವರೆ ಪಟ್ಟು. ಹದಿನೈದು, ಮೂವತ್ತೆಂಟು, ತೊಂಬತ್ತೈದು ದಿನ, ಹೀಗೆ. 2006ರಲ್ಲಿ ಬಂದ ಆಂಕಿ ಈ ಲೆಕ್ಕದ ಮೇಲೆಯೇ ನಿಂತದ್ದು. ಚೆಸ್ಸಿಗೇ ಎಂದು ಮಾಡಿದ ಚೆಸ್ಸಬಲ್‌ನಲ್ಲೂ ಅದೇ ತತ್ವ, ಅಂತರ ಕೆಲವು ಗಂಟೆಯಿಂದ ಶುರುವಾಗಿ ಆರು ತಿಂಗಳವರೆಗೆ ಹೋಗುತ್ತದೆ. ಪರದೆಯ ಮೇಲೆ ಬೋರ್ಡ್ ಬರುತ್ತದೆ, ಎದುರಾಳಿಯ ಕಾಯಿಯನ್ನು ಅದೇ ನಡೆಸುತ್ತದೆ, ನಿಮ್ಮ ಉತ್ತರ ನೀವು ಆಡಿ ತೋರಿಸಬೇಕು. ಸರಿಯಾದರೆ ಅಂತರ ಹೆಚ್ಚುತ್ತದೆ. ತಪ್ಪಾದರೆ ಮತ್ತೆ ಮೊದಲಿಂದ.

ನನ್ನ ಭಾಷೆಯಲ್ಲಿ ಹೇಳುವುದಾದರೆ ಇದು ಅವಧಿ ಠೇವಣಿ. ಸರಿಯಾಗಿ ನೆನಪಿಸಿಕೊಂಡ ಪ್ರತಿ ಸಲವೂ ಇನ್ನೂ ಉದ್ದದ ಅವಧಿಗೆ ನವೀಕರಣ. ಮರೆತರೆ ಅವಧಿಗೆ ಮುಂಚೆ ಮುರಿದು ಉಳಿತಾಯ ಖಾತೆಗೆ ವಾಪಸು. ಊರಿನ ಮದುವೆಗೆ ಅಂತ ಹತ್ತು ದಿನ ಹೋಗಿ ಬಂದರೆ ಸುಸ್ತಿ ಸಾಲದ ಪಟ್ಟಿಯ ಹಾಗೆ ಮುನ್ನೂರು ಬಾಕಿ ಬೆಳೆದಿರುತ್ತದೆ. ವಸೂಲಾಗದ ಸಾಲಕ್ಕೂ ಇಲ್ಲಿ ಒಂದು ಹೆಸರಿದೆ. ಒಂದೇ ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ 'ಲೀಚ್' ಎಂಬ ಚೀಟಿ ಅಂಟಿಸಿ ಬದಿಗಿಡುತ್ತದೆ. ಲೀಚ್ ಎಂದರೆ ನಮ್ಮ ಇಂಬಳ! ಎಷ್ಟು ಕಿತ್ತರೂ ಕಾಲಿಗೆ ಮತ್ತೆ ಹತ್ತುವ, ಸಮಯವನ್ನು ಹೀರುವ ಕಾರ್ಡು. ಮೊಮ್ಮಗನಿಗೆ ಇಂಬಳ ಅಂದರೆ ಏನು ಎಂದು ತಿಳಿಸುವುದಕ್ಕೆ ಆಗುಂಬೆಯ ಮಳೆಯಿಂದ ಶುರು ಮಾಡಬೇಕಾಯಿತು. ಅವನು ನಂಬಲಿಲ್ಲ. ಹೋದ ಜುಲೈನಲ್ಲಿ ಕರೆದುಕೊಂಡು ಹೋದಾಗ ಕಾಲ್ಬೆರಳ ಸಂದಿಯಲ್ಲಿ ಒಂದು ಹತ್ತಿದ ಮೇಲೆ ನಂಬಿದ.

ಬರೀ ಬಾಯಿಪಾಠದಿಂದ ಏನು ಬರುತ್ತದೆ ಎಂದು ನೀವು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ನಾನು ಕಪ್ಪು ಕಾಯಿ ಹಿಡಿದಾಗ ಆಡುವುದು ಕಾರೋ-ಕಾನ್. ಬರ್ಲಿನ್ನಿನ ಕಾರೋ, ವಿಯೆನ್ನಾದ ಕಾನ್ ಇಬ್ಬರೂ 1886ರ ಸುಮಾರಿಗೆ ವಿವರಿಸಿದ ಆರಂಭ. ಗಟ್ಟಿ ಜಾಮೀನು ಇಟ್ಟುಕೊಂಡು ಸಾಲ ಕೊಡುವ ಹಾಗಿನ ಆಟ, ಬ್ಯಾಂಕಿನವನಿಗೆ ಸರಿಹೊಂದುತ್ತದೆ. ಬಿಳಿಯವನು ಇ4, ನಾನು ಸಿ6. ಅವನು ಡಿ4, ನಾನು ಡಿ5. ಅವನ ಕುದುರೆ ಸಿ3ಕ್ಕೆ ಬಂದರೆ ನಾನು ಇ4ರ ಕಾಲಾಳನ್ನು ಹೊಡೆಯುತ್ತೇನೆ, ಕುದುರೆ ನನ್ನ ಕಾಲಾಳನ್ನು ಹೊಡೆದು ಅಲ್ಲಿ ಕೂರುತ್ತದೆ. ಆಗ ನನ್ನ ಒಂದು ಕುದುರೆ ಡಿ7ಕ್ಕೆ. ಮುಂದಿನ ನಡೆಗೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತರುವುದು ಈ ದಾರಿಯ ಕ್ರಮ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಆದರೆ ಬಿಳಿಯವನು ಐದನೇ ನಡೆಗೆ ಮಂತ್ರಿಯನ್ನು ಸದ್ದಿಲ್ಲದೆ ಇ2ಕ್ಕೆ ತಂದಿದ್ದರೆ ಆ ಕ್ರಮವೇ ಕುತ್ತು. ಅವನ ಕುದುರೆ ಡಿ6ಕ್ಕೆ ಹಾರುತ್ತದೆ, ಆರನೇ ನಡೆಗೇ ಮಾತ್! ಇ7ರ ಕಾಲಾಳು ಅದನ್ನು ಹೊಡೆಯುವ ಹಾಗಿಲ್ಲ, ಅದು ಸರಿದರೆ ಮಂತ್ರಿಯ ಕಣ್ಣು ನೇರ ರಾಜನ ಮೇಲೆ. ರಾಜನ ಸುತ್ತ ಅವನದೇ ಪರಿವಾರ, ಓಡಲು ಒಂದು ಮನೆ ಇಲ್ಲ. ನಡೆಗಳನ್ನು ಮಗ್ಗಿಯ ಹಾಗೆ ಸರಪಳಿಯಾಗಿ ಉರು ಹೊಡೆದವನು ಇಲ್ಲಿ ಬೀಳುತ್ತಾನೆ. ಸಾಫ್ಟ್‌ವೇರ್ ಕೇಳುವುದು 'ಮುಂದಿನ ನಡೆ ಯಾವುದು' ಎಂದಲ್ಲವೇ ಅಂತ ತೋರಬಹುದು. ಅದು ನಿಜವಾಗಿ ಕೇಳುವುದು 'ಈಗ ಬೋರ್ಡಿನ ಮೇಲೆ ಏನಿದೆ, ನೋಡಿದೆಯಾ' ಎಂದು.

ಇದೇ ಸ್ಥಿತಿಗೆ ಬಿಳಿಯವನು ಕುದುರೆಯನ್ನು ಡಿ2ರ ಮೂಲಕ ತಂದೂ ಬರಬಹುದು. ತೀರ್ಥಹಳ್ಳಿಗೆ ಶಿವಮೊಗ್ಗದ ಮೇಲೆ ಬಂದರೂ ಕೊಪ್ಪದ ಮೇಲೆ ಬಂದರೂ ಇಳಿಯುವ ಬಸ್‌ಸ್ಟ್ಯಾಂಡ್ ಒಂದೇ ತಾನೆ? ಮೊಮ್ಮಗನಿಗೆ ಹಾಗೆ ಹೇಳಿಕೊಟ್ಟದ್ದು ತಲೆಗೆ ಹೋಯಿತು. ಹಾಗೆಂದು ಎಲ್ಲ ದಾರಿಯನ್ನೂ ಉರು ಹೊಡೆಯಲಾಗದು. ಎದುರಾಳಿಗೆ ಪ್ರತಿ ನಡೆಗೆ ಮೂರೇ ಒಳ್ಳೆಯ ಆಯ್ಕೆ ಎಂದು ಹಿಡಿದರೂ ಐದು ನಡೆಯ ಹೊತ್ತಿಗೆ 243 ದಾರಿ. ಎಲ್ಲೋ ಒಂದು ಕಡೆ ಪುಸ್ತಕ ಮುಗಿಯುತ್ತದೆ, ಅಲ್ಲಿಂದ ಮುಂದೆ ನಮ್ಮ ತಲೆಯೇ ಗತಿ.

ಮೈಲಾಪುರದ ನನ್ನ ಅಯ್ಯಂಗಾರ್ ಗೆಳೆಯರಿಗೆ ಇದನ್ನೆಲ್ಲ ತೋರಿಸಿದಾಗ ಅವರು ನಕ್ಕು, ವೇದಾಂತ ದೇಶಿಕರ ಪಾದುಕಾಸಹಸ್ರದ ಮಾತೆತ್ತಿದರು. ಕಂಚಿಯಲ್ಲಿ ಹುಟ್ಟಿದ ದೇಶಿಕರು ಕೊಳ್ಳೇಗಾಲದ ಹತ್ತಿರದ ಸತ್ಯಗಾಲದಲ್ಲೂ ಕೆಲವು ಕಾಲ ಇದ್ದರು ಎಂಬ ಪ್ರತೀತಿಯಿದೆ. ಆ ಕೃತಿಯಲ್ಲಿ ಒಂದು ಶ್ಲೋಕದ 32 ಅಕ್ಷರಗಳನ್ನು ಅರ್ಧ ಚದುರಂಗದ ಮನೆಗಳಲ್ಲಿ ತುಂಬಿ, ಕುದುರೆಯ ನಡೆಯಲ್ಲಿ ಓದುತ್ತಾ ಹೋದರೆ ಮುಂದಿನ ಶ್ಲೋಕ ಸಿಗುತ್ತದೆ. ಆ ಎರಡು ಶ್ಲೋಕ ಬಾಯಿಗೆ ಬಂದರೆ 32 ಮನೆಗೂ ಕುದುರೆ ತಿರುಗುವ ದಾರಿ ಬಾಯಿಗೆ ಬಂದ ಹಾಗೆ. "ನಮ್ಮವರಿಗೆ ಆಪ್ ಬೇಕಿರಲಿಲ್ಲ" ಎಂದರು ಗೆಳೆಯರು. ನಿಜ. ಆದರೆ ಅವರಿಗೆ ದಿನಾ ಕೂರಿಸಿ ಸಂಥೆ ಹೇಳಿಸುವ ಗುರುವಿದ್ದರು, ತಪ್ಪಿದರೆ ಮತ್ತೆ ಹೇಳಿಸುತ್ತಿದ್ದರು. ನಮಗೂ ಸಂಜೆ ದೀಪ ಹಚ್ಚಿದ ಮೇಲೆ ಹದಿನಾರರ ಮಗ್ಗಿ ಕೇಳುವ ಅಪ್ಪ ಇದ್ದರು. ಮಾಡುವ ಕೆಲಸ ಅದೇ, ಕೇಳುವುದು. ಕೇಳುವವರಿಲ್ಲದ ಕಡೆ ಯಾವ ನೆನಪೂ ನಿಲ್ಲುವುದಿಲ್ಲ.

ಪರವೂರಿನಲ್ಲಿ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಬಾಯಿಂದ ಎಷ್ಟು ಮಾತುಗಳು ಜಾರಿ ಹೋದವೋ. ಸೋಗೆ, ಕೊಟ್ಟೆ, ಅಂಕಣ, ಮೆಟ್ಟುಗತ್ತಿ. ಇವನ್ನು ನಾನು ಮರೆತಿಲ್ಲ, ಆದರೆ ಈ ಊರಿನಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ. ಮೊಮ್ಮಗನಿಗೆಂದು ಆಂಕಿಯಲ್ಲಿ ಕನ್ನಡದ ಕಾರ್ಡುಗಳನ್ನೂ ಮಾಡಿದ್ದೇನೆ. ಚೆನ್ನಾಗಿಯೇ ಹೇಳುತ್ತಾನೆ. ಕಾರ್ಡಿನಲ್ಲಿ ನೂರಕ್ಕೆ ತೊಂಬತ್ತು, ಊಟಕ್ಕೆ ಕೂತಾಗ ತಮಿಳು! ಕಾರೋ-ಕಾನ್ ಇಡೀ ಉರು ಹೊಡೆದು ಯಾರ ಜೊತೆಗೂ ಆಡದೆ ಇದ್ದ ಹಾಗೆ.

ಈಗ ಅಣ್ಣಯ್ಯನ ವಿಷಯ. ಅವನಿಗೆ ಮರೆವು ಶುರುವಾಗಿ ಮೂರು ವರ್ಷ. ಮೊದಲು ಕನ್ನಡಕ, ಎಲೆಯಡಿಕೆ ಚೀಲ. ಆಮೇಲೆ ಅಡಿಕೆ ಮಂಡಿಗೆ ಹಾಕಿದ ಲೆಕ್ಕ. ಒಂದು ದಿನ ಅತ್ತಿಗೆ ಫೋನಿನಲ್ಲಿ, "ನಿನ್ನೆ ಪಕ್ಕದ ಮನೆ ಭಟ್ಟರನ್ನ ಯಾರು ಅಂತ ಕೇಳಿದ್ರು ಮಾರಾಯ" ಎಂದರು. ಶಿವಮೊಗ್ಗದ ಡಾಕ್ಟರು ಔಷಧಿ ಬರೆದುಕೊಟ್ಟು, ಇದು ನಿಧಾನ ಮಾಡಬಹುದೇ ಹೊರತು ಹಿಂದಕ್ಕೆ ಬರುವಂಥದ್ದಲ್ಲ, ಮಾತಾಡಿಸುತ್ತಾ ಇರಿ ಎಂದರು.

ಎಸ್‌ಟಿಡಿ ಕಾಲದಲ್ಲಿ ನಾನು ಅವನಿಗೆ ಫೋನು ಮಾಡುತ್ತಿದ್ದದ್ದು ತಿಂಗಳಿಗೊಮ್ಮೆ, ರಾತ್ರಿ ದರ ಇಳಿದ ಮೇಲೆ. ಅದೇ ಸಾಕಿತ್ತು. ಮಾತು ಬಿಟ್ಟ ಕಡೆಯಿಂದ ಮುಂದುವರಿಯುತ್ತಿತ್ತು. ಮೂರು ವರ್ಷದ ಹಿಂದೆ ಅದು ವಾರಕ್ಕೊಮ್ಮೆ ಆಯಿತು, ಯಾಕೆಂದರೆ ಹತ್ತು ದಿನ ಬಿಟ್ಟರೆ ನನ್ನ ಮಗನ ಹೆಸರು ತಪ್ಪುತ್ತಿತ್ತು. ಆಮೇಲೆ ಮೂರು ದಿನಕ್ಕೊಮ್ಮೆ. ಈಗ ದಿನಾ ಸಂಜೆ ಏಳಕ್ಕೆ. ನನ್ನ ಕಾರೋ-ಕಾನ್ ಕಾರ್ಡುಗಳ ಅಂತರ ಒಂದು, ಆರು, ಹದಿನೈದು, ಮೂವತ್ತೆಂಟು ಅಂತ ಹಿಗ್ಗುತ್ತಾ ಹೋಗುತ್ತದೆ. ಅಣ್ಣಯ್ಯನ ಲೆಕ್ಕ ಅದೇ ಅಂಕಿಗಳಲ್ಲಿ ಹಿಂದಕ್ಕೆ ನಡೆಯುತ್ತಿದೆ. ಇದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಗುಂಡಿ ಇಲ್ಲ.

ಒಂದು ಸಂಜೆ ಮಾತು ಮುಗಿದುಹೋಗಿ, ಏನು ಕೇಳಬೇಕೆಂದು ತೋಚದೆ, "ಒಂದು ಆಟ ಹಾಕೋಣವಾ?" ಎಂದೆ. "ಕಾಯಿ ಎಲ್ಲಿದೆ ನೋಡು" ಎಂದು ಅವನು ಅತ್ತಿಗೆಗೆ ಹೇಳಿದ್ದು ಕೇಳಿಸಿತು. ಅಲ್ಲಿ ಅವನ ಮುಂದೆ ಒಂದು ಹಾಸು, ಇಲ್ಲಿ ನಮ್ಮ ಮುಂದೆ ಒಂದು. ಈಗ ಆಡುವುದು ಮೊಮ್ಮಗ, ನಾನು ಫೋನು ಹಿಡಿಯುವವನು.

ಮೊದಲ ದಿನ ಮೊಮ್ಮಗನ ವಿದ್ಯೆ ಎಲ್ಲ ನೀರಿನಲ್ಲಿ ಹೋಮವಾಯಿತು. ಅವನು ಬಿಳಿ ಹಿಡಿದು ಇ4 ಎಂದ. "ಒಂದೇ ಮನೆ ಮಾಣಿ, ಎಂತ ಅವಸರ ನಿಂಗೆ?" ಎಂದ ಅಣ್ಣಯ್ಯ. ಮೊದಲ ನಡೆಯಲ್ಲೇ ಪುಸ್ತಕ ಮುಚ್ಚಿತು. ಇಪ್ಪತ್ತು ನಡೆಯವರೆಗೆ ಉರು ಹೊಡೆದಿದ್ದ ಹುಡುಗ, ಸುಲ್ತಾನ್ ಖಾನ್ ಇಂಗ್ಲೆಂಡಿನಲ್ಲಿ ಕೂತ ಹಾಗೆ ಕೂತ. ನಡೆಯನ್ನು ಅಂಕಿಯಲ್ಲಿ ಹೇಳಿದರೆ ದೊಡ್ಡಜ್ಜನಿಗೆ ತಿಳಿಯುವುದಿಲ್ಲ, "ರಾಜನ ಕುದುರೆ, ಒಂಟೆ ಎದುರಿಗೆ" ಎಂದೇ ಹೇಳಬೇಕು. ಮಂತ್ರಿ ಎಂದರೆ ಯಾವುದು ಎಂಬ ಹಳೆಯ ಜಗಳ ಮತ್ತೆ ಶುರುವಾಯಿತು. ಎರಡು ವಾರದಲ್ಲಿ ಹುಡುಗ ಮನೆಯಲ್ಲಿ ಒಂದು ಮಂತ್ರಿ, ಕೋಚಿನ ಹತ್ತಿರ ಇನ್ನೊಂದು ಮಂತ್ರಿ ಎಂದು ಹೊಂದಿಸಿಕೊಂಡ. ನನ್ನ ಕಾರ್ಡುಗಳಲ್ಲಿ ಬಾರದ ಕನ್ನಡ ಆ ಅರ್ಧ ಗಂಟೆಯಲ್ಲಿ ಬರುತ್ತಿದೆ.

ಅಣ್ಣಯ್ಯ ಆಡುವುದನ್ನು ನೋಡಿದರೆ ಮರೆವಿನ ಮನುಷ್ಯ ಎನ್ನುವ ಹಾಗಿಲ್ಲ. ಯಾರ ಆಟ ಎಂಬುದು ನಡುವೆ ತಪ್ಪುತ್ತದೆ. "ನಿಮ್ಮ ಆಟ, ದೊಡ್ಡಜ್ಜ" ಎಂದರೆ ಸಾಕು, ಮುಂದುವರಿಯುತ್ತಾನೆ. ಚದುರಂಗದಲ್ಲಿ ಹಿಂದಿನದು ನೆನಪಿರಬೇಕಿಲ್ಲ, ಆದದ್ದೆಲ್ಲ ಹಾಸಿನ ಮೇಲೆ ಕಣ್ಣೆದುರಿಗೇ ಇರುತ್ತದೆ. ನಮ್ಮೂರ ನಿಯಮದಲ್ಲಿ ಕಾಯಿ ನೋಡಿ ತಿಳಿಯದೆ ನೆನಪಿಟ್ಟುಕೊಳ್ಳಲೇಬೇಕಾದದ್ದು ರಾಜನ ಸಂಗತಿ, ಹಾರಿ ಆಗಿದೆಯೇ ಇಲ್ಲವೇ ಎಂಬುದು. ಹೋದ ವಾರ ಅಣ್ಣಯ್ಯನ ರಾಜ ಎರಡನೇ ಸಲ ಹಾರಿದ. ಹಾರಿದ್ದರಿಂದ ಮೊಮ್ಮಗನ ಗೆಲುವು ತಪ್ಪಿತು. ಹುಡುಗ ಬಾಯಿ ತೆರೆದು ನನ್ನ ಮುಖ ನೋಡಿದ. ಟೂರ್ನಮೆಂಟುಗಳಲ್ಲಿ ಇಷ್ಟಕ್ಕೆ ಕೈಯೆತ್ತಿ ಆರ್ಬಿಟರನ್ನು ಕರೆಯುವವನು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಸರಿ ದೊಡ್ಡಜ್ಜ, ನನ್ನ ಆಟ" ಎಂದು ಆನೆಯನ್ನು ಸರಿಸಿದ.

ಬೆಳಿಗ್ಗೆ ನನ್ನ ಖಾತೆಯಲ್ಲಿ 42 ಕಾರ್ಡು ಬಾಕಿ ಇದ್ದವು. ಇಪ್ಪತ್ತು ಮಾಡಿ ಉಳಿದದ್ದನ್ನು ನಾಳೆಗೆ ದೂಡಿದ್ದೇನೆ, ಅವು ಕಾಯುತ್ತವೆ. ಏಳು ಗಂಟೆಯದನ್ನು ದೂಡುವ ಹಾಗಿಲ್ಲ. ಆ ಖಾತೆಯಲ್ಲಿ ನವೀಕರಣವೆಲ್ಲ ಒಂದು ದಿನದ್ದು, ಆದರೂ ಇವತ್ತಿನವರೆಗೆ ಒಂದು ಕಂತೂ ತಪ್ಪಿಲ್ಲ.